ಹಳೆಯ ಬೇಟೆಯ ರೈಫಲ್‌ಗೆ ರೆಡ್ ಡಾಟ್ ಸೈಟ್: ಒಂದು ಪಾಠ



ಮೊಬೈಲ್‌ನಲ್ಲಿ ಬಿಜಿಎಂಐ ಆಡುವವರಿಗೆ ‘ರೆಡ್ ಡಾಟ್’ ಏನೆಂದು ಹೇಳಬೇಕಾಗಿಲ್ಲ. ಆ ಆಟದಲ್ಲಿ ಕಾರ್ 98 ಎಂಬ ಮರದ ಹಿಡಿಯ ಉದ್ದನೆಯ ರೈಫಲ್ ಸಿಗುತ್ತದೆ. ಅದರ ಮೇಲೆ ರೆಡ್ ಡಾಟ್ ಎಂಬ ಚಿಕ್ಕ ಡಬ್ಬಿಯನ್ನು ಬೆರಳಿನಿಂದ ಎಳೆದು ಬಿಟ್ಟರೆ ಒಂದೇ ಸೆಕೆಂಡಿನಲ್ಲಿ ಕೂತುಬಿಡುತ್ತದೆ. ಗುರಿ ತಪ್ಪಿದರೆ ಇನ್ನೊಂದು ಗುಂಡು, ಸತ್ತರೆ ಇನ್ನೊಂದು ಆಟ.

ಕಳೆದ ರಂಜಾನ್ ರಜೆಯಲ್ಲಿ ನಾನು ಹೀಗೆ ಆಡುತ್ತಾ ಕೂತಿದ್ದಾಗ ಅಬ್ಬಾ ಕರೆದರು. ಅವರು ದರ್ಜಿ. ಹಬ್ಬದ ಬಟ್ಟೆಗಳ ರಾಶಿ ಮುಂದಿತ್ತು. “ಬೇಟಾ, ಈ ಸೂಜಿಗೆ ದಾರ ಹಾಕಿ ಕೊಡು” ಎಂದರು. ಅದು ಆ ದಿನ ನಾಲ್ಕನೇ ಸಲ. ನಾನು ಸ್ವಲ್ಪ ಬೇಸರದಿಂದ “ನಿಮಗೆ ಕಾಣಲ್ವಾ ಅಬ್ಬಾ?” ಎಂದೆ. ಅವರು ನಕ್ಕು, “ದೂರ್ ಕಾ ಸಬ್ ದಿಖ್ತಾ, ಹಾತ್ ಮೇ ಕಾ ಸೂಯಿ ನೈ ದಿಖ್ತಾ” ಎಂದರು. ದೂರದ್ದೆಲ್ಲ ಕಾಣುತ್ತದೆ, ಕೈಯಲ್ಲಿರುವ ಸೂಜಿ ಕಾಣುವುದಿಲ್ಲ ಎಂದರ್ಥ.

ಅದೇ ವಾರ ವ್ಯವಹಾರ ಅಧ್ಯಯನದ ಸರ್ ನಮಗೆ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಉತ್ಪನ್ನವನ್ನು ಆರಿಸಿ, ಅದು ಗ್ರಾಹಕರ ಯಾವ ಕಷ್ಟವನ್ನು ನೀಗಿಸುತ್ತದೆ, ಯಾವುದನ್ನು ನೀಗಿಸುವುದಿಲ್ಲ ಎಂದು ಬರೆಯಬೇಕು. “ಜಾಹೀರಾತು ನೋಡಿ ಬರೆಯಬೇಡಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದು ಬರೆಯಿರಿ” ಎಂದಿದ್ದರು. ನಾನು ರೆಡ್ ಡಾಟ್ ಆರಿಸಿದೆ. ಓದುತ್ತಾ ಹೋದಂತೆ ಅದು ಅಬ್ಬಾನ ಸೂಜಿಯ ಕಷ್ಟಕ್ಕೇ ಹುಟ್ಟಿದ ಪರಿಹಾರದ ಹಾಗೆ ಕಂಡಿತು. ಆದ್ದರಿಂದ ಈ ಪಾಠ.

ಕಣ್ಣಿಗೆ ಮೂರು ಕೆಲಸ

ಹಳೆಯ ರೈಫಲ್‌ನ ಮೇಲೆ ಗುರಿ ಹಿಡಿಯಲು ಎರಡು ಕಬ್ಬಿಣದ ಭಾಗಗಳಿರುತ್ತವೆ. ಕಣ್ಣಿಗೆ ಹತ್ತಿರ ಇರುವುದು ಬ್ಯಾಕ್‌ಸೈಟ್. ಅದರಲ್ಲಿ ಒಂದು ಚಿಕ್ಕ ಕಚ್ಚು ಇರುತ್ತದೆ. ನಳಿಕೆಯ ತುದಿಯಲ್ಲಿ ಇರುವುದು ಫೋರ್‌ಸೈಟ್. ಅದು ಒಂದು ಸಣ್ಣ ಕಡ್ಡಿ ಅಥವಾ ಮಣಿ. ಎನ್‌ಸಿಸಿಯಲ್ಲಿರುವ ಗೆಳೆಯರಿಗೆ ಇದು ಗೊತ್ತು. ಕಚ್ಚಿನ ನಡುವೆ ಕಡ್ಡಿ ಬರಬೇಕು, ಕಡ್ಡಿಯ ತುದಿಯ ಮೇಲೆ ಗುರಿ ಬರಬೇಕು. ಅಂದರೆ ಮೂರು ವಸ್ತುಗಳು ಒಂದೇ ಗೆರೆಯಲ್ಲಿ ನಿಲ್ಲಬೇಕು.

ಕಷ್ಟ ಇರುವುದು ಇಲ್ಲೇ. ಈ ಮೂರೂ ಬೇರೆ ಬೇರೆ ದೂರದಲ್ಲಿವೆ. ಬ್ಯಾಕ್‌ಸೈಟ್ ಸುಮಾರು ಒಂದು ಮೊಳ ದೂರ, ಫೋರ್‌ಸೈಟ್ ಸುಮಾರು ಒಂದು ಮೀಟರ್ ದೂರ, ಗುರಿ 50 ಅಥವಾ 100 ಮೀಟರ್ ದೂರ. ನಮ್ಮ ಕಣ್ಣು ಒಂದು ಕ್ಷಣದಲ್ಲಿ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ ಇದನ್ನು ಕಣ್ಣಿನ ಹೊಂದಾಣಿಕೆ ಎಂದು ಓದಿದ್ದೇವೆ. ಸಿಲಿಯರಿ ಸ್ನಾಯುಗಳು ಕಣ್ಣಿನ ಮಸೂರವನ್ನು ಉಬ್ಬಿಸಿದರೆ ಹತ್ತಿರದ್ದು ಕಾಣುತ್ತದೆ, ಸಡಿಲ ಬಿಟ್ಟರೆ ದೂರದ್ದು ಕಾಣುತ್ತದೆ. ನಮ್ಮ ವಯಸ್ಸಿನಲ್ಲಿ ಈ ಬದಲಾವಣೆ ಎಷ್ಟು ಬೇಗ ಆಗುತ್ತದೆಂದರೆ ಆಗುವುದೇ ಗೊತ್ತಾಗುವುದಿಲ್ಲ. ನಲವತ್ತು ದಾಟಿದ ಮೇಲೆ ಮಸೂರ ಗಡುಸಾಗುತ್ತದೆ. ಹತ್ತಿರದ್ದು ಮಂಜಾಗುತ್ತದೆ. ಇದಕ್ಕೆ ಪ್ರೆಸ್‌ಬಯೋಪಿಯಾ ಎನ್ನುತ್ತಾರೆ. ಅಬ್ಬಾನಿಗೆ ಆಗಿರುವುದು ಇದೇ. ವಯಸ್ಸಾದ ಬೇಟೆಗಾರನಿಗೆ ಬ್ಯಾಕ್‌ಸೈಟಿನ ಕಚ್ಚು ಕಾಣದೆ ಹೋಗುವುದೂ ಇದರಿಂದಲೇ.

ಒಂದು ಸಣ್ಣ ಲೆಕ್ಕ ನೋಡಿ. ಬ್ಯಾಕ್‌ಸೈಟಿಗೂ ಫೋರ್‌ಸೈಟಿಗೂ ನಡುವೆ 50 ಸೆಂಟಿಮೀಟರ್ ಇದೆ ಎಂದುಕೊಳ್ಳೋಣ. ಮಂಜಾದ ಕಣ್ಣಿನಿಂದ ಕಡ್ಡಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು. ಗುರಿ 80 ಮೀಟರ್ ದೂರದಲ್ಲಿದೆ. 80 ಮೀಟರ್ ಎಂದರೆ 50 ಸೆಂಟಿಮೀಟರಿನ 160 ಪಟ್ಟು. ಹಾಗಾಗಿ ಒಂದು ಮಿಲಿಮೀಟರಿನ ತಪ್ಪು ಅಲ್ಲಿ 160 ಮಿಲಿಮೀಟರ್, ಅಂದರೆ 16 ಸೆಂಟಿಮೀಟರ್ ಆಗುತ್ತದೆ. ಸಮರೂಪ ತ್ರಿಭುಜಗಳ ಪಾಠ ಇಷ್ಟು ಖಾರವಾಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಚುಕ್ಕೆ ಎಲ್ಲಿದೆ?

ರೆಡ್ ಡಾಟ್ ಎಂದರೆ ಲೇಸರ್ ಎಂದು ತುಂಬಾ ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಅದು ತಪ್ಪು. ಲೇಸರ್ ಆದರೆ ಗುರಿಯ ಮೇಲೆ ನಿಜವಾಗಿಯೂ ಕೆಂಪು ಬೆಳಕು ಬೀಳುತ್ತದೆ, ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ರೆಡ್ ಡಾಟ್‌ನ ಚುಕ್ಕೆ ಗುರಿಯ ಮೇಲೆ ಇರುವುದೇ ಇಲ್ಲ. ಅದು ನೋಡುವವನ ಕಣ್ಣಿಗೆ ಮಾತ್ರ ಕಾಣುತ್ತದೆ.

ಡಬ್ಬಿಯ ಒಳಗೆ ಒಂದು ಮೂಲೆಯಲ್ಲಿ ಸಣ್ಣ ಕೆಂಪು ಎಲ್‌ಇಡಿ ಇದೆ. ಮುಂದೆ ಒಂದು ಬಾಗಿದ ಗಾಜಿದೆ. ಆ ಗಾಜಿಗೆ ವಿಶೇಷ ಲೇಪ ಹಾಕಿರುತ್ತಾರೆ. ಅದು ಕೆಂಪು ಬಣ್ಣದ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ತಿರುಗಿಸುತ್ತದೆ, ಉಳಿದ ಬಣ್ಣಗಳನ್ನು ಕಿಟಕಿಯಂತೆ ಬಿಡುತ್ತದೆ. ಈಗ ಹತ್ತನೇ ತರಗತಿಯ ನಿಮ್ನ ದರ್ಪಣದ ಚಿತ್ರಗಳನ್ನು ನೆನಪು ಮಾಡಿಕೊಳ್ಳಿ. ವಸ್ತುವನ್ನು ಸಂಗಮ ಬಿಂದುವಿನಲ್ಲಿ ಇಟ್ಟರೆ ಪ್ರತಿಬಿಂಬ ಎಲ್ಲಿ ಬರುತ್ತದೆ? ಅನಂತ ದೂರದಲ್ಲಿ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆವು. ಎಲ್‌ಇಡಿಯನ್ನು ಇಟ್ಟಿರುವುದು ಅದೇ ಜಾಗದಲ್ಲಿ. ಕಿರಣಗಳು ಸಮಾನಾಂತರವಾಗಿ ಕಣ್ಣಿಗೆ ಬರುತ್ತವೆ. ಆದ್ದರಿಂದ ಅಂಗೈ ಅಗಲದ ಡಬ್ಬಿಯೊಳಗಿನ ಚುಕ್ಕೆ, ದೂರದಲ್ಲಿ ಗುರಿಯ ಜೊತೆಗೇ ಇರುವ ಹಾಗೆ ಕಾಣುತ್ತದೆ.

ಇದರಿಂದ ಎರಡು ಲಾಭ. ಮೊದಲನೆಯದು, ಕಣ್ಣು ದೂರವನ್ನು ಮಾತ್ರ ನೋಡಿದರೆ ಸಾಕು. ಮೂರು ಕೆಲಸ ಎರಡಾಯಿತು: ಚುಕ್ಕೆ ಮತ್ತು ಗುರಿ, ಎರಡೂ ದೂರದ ನೋಟದಲ್ಲೇ ಸ್ಪಷ್ಟ. ಹತ್ತಿರದ್ದು ಮಂಜಾದ ವಯಸ್ಸಾದ ಕಣ್ಣಿಗೂ ದೂರದ ಚುಕ್ಕೆ ಕಾಣುತ್ತದೆ. ಎರಡನೆಯದು, ತಲೆ ಸ್ವಲ್ಪ ಅತ್ತಿತ್ತ ಸರಿದರೂ ಚುಕ್ಕೆ ಗಾಜಿನೊಳಗೆ ಸರಿಯುತ್ತದೆಯೇ ಹೊರತು ಗುರಿಯಿಂದ ಹೆಚ್ಚು ಕದಲುವುದಿಲ್ಲ. ಎರಡೂ ಕಣ್ಣು ತೆರೆದು ನೋಡಬಹುದು.

ಈ ಉಪಾಯ ಹೊಸದಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಹೋವರ್ಡ್ ಗ್ರಬ್ 1900ರಲ್ಲೇ ಇಂಥ ಪ್ರತಿಫಲನದ ಸೈಟನ್ನು ರೂಪಿಸಿದ್ದರು. ಎರಡನೇ ಮಹಾಯುದ್ಧದ ಯುದ್ಧವಿಮಾನಗಳಲ್ಲಿ ಅದು ಇತ್ತು. ಆದರೆ ಆಗ ಬೇಕಾಗಿದ್ದ ಬಲ್ಬು ರೈಫಲ್‌ಗೆ ಒಗ್ಗುವಂಥದ್ದಲ್ಲ. 1962ರಲ್ಲಿ ಅಮೆರಿಕದ ನಿಕ್ ಹೋಲೋನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದ ಮೇಲೆ ದಾರಿ ತೆರೆಯಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಬ್ಯಾಟರಿಯ ರೆಡ್ ಡಾಟ್ ಸೈಟನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಸೈನ್ಯ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಂಡದ್ದು 1990ರ ದಶಕದ ಕೊನೆಗೆ. ಅದಕ್ಕೆ ಮೊದಲೇ ಸ್ವೀಡನ್ನಿನ ಬೇಟೆಗಾರರು ಅದನ್ನು ಕಾಡಿಗೆ ಒಯ್ಯುತ್ತಿದ್ದರು.

ಸ್ವೀಡನ್ನೇ ಏಕೆ?

ಅಲ್ಲಿ ಮೂಸ್ ಎಂಬ ಪ್ರಾಣಿ ಇದೆ. ಅದು ಜಿಂಕೆಯ ಜಾತಿಯದು, ಆದರೆ ನಮ್ಮ ಕಡವೆಗಿಂತ ಬಹಳ ದೊಡ್ಡದು. ಬೆಳೆದ ಗಂಡು 400 ಕಿಲೋ ದಾಟುವುದುಂಟು. ಮೂಸ್ ಹೆಚ್ಚಾದರೆ ಪೈನ್ ಸಸಿಗಳ ಚಿಗುರು ಉಳಿಯುವುದಿಲ್ಲ, ರಸ್ತೆಗೆ ಅಡ್ಡ ಬಂದು ಕಾರುಗಳಿಗೆ ಡಿಕ್ಕಿಯಾಗುತ್ತದೆ. ಅದಕ್ಕೆ ಸರ್ಕಾರದ ನಿಯಮದಂತೆ ಪ್ರತಿ ವರ್ಷ ಬೇಟೆ ನಡೆಯುತ್ತದೆ. ಉತ್ತರದಲ್ಲಿ ಸೆಪ್ಟೆಂಬರ್, ದಕ್ಷಿಣದಲ್ಲಿ ಅಕ್ಟೋಬರ್ ಹೊತ್ತಿಗೆ ಶುರು. ಮಾಂಸವನ್ನು ಮನೆಗಳಲ್ಲಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ.

ನಾಯಿಗಳು ಕಾಡಿನೊಳಗೆ ಮೂಸನ್ನು ಎಬ್ಬಿಸುತ್ತವೆ. ಬೇಟೆಗಾರ ತನಗೆ ಗೊತ್ತುಮಾಡಿದ ಜಾಗದಲ್ಲಿ ಗಂಟೆಗಟ್ಟಲೆ ಕಾದು ನಿಂತಿರುತ್ತಾನೆ. ಮರಗಳ ಸಂದಿಯಲ್ಲಿ ಪ್ರಾಣಿ ಕಾಣುವುದು ಕೆಲವೇ ಸೆಕೆಂಡು. ದೂರ ಕಡಿಮೆ, ಸಮಯವೂ ಕಡಿಮೆ. ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿಸ್ಕೋಪ್ ಇಲ್ಲಿ ತೊಡಕು. ಅದರಲ್ಲಿ ಬರೀ ಕಂದು ರೋಮ ಕಾಣಬಹುದು. ಕಬ್ಬಿಣದ ಸೈಟು ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಇಂಥ ಜಾಗಕ್ಕೆ ರೆಡ್ ಡಾಟ್ ಸರಿಹೊಂದಿತು.

ಅವರ ಕೈಯಲ್ಲಿದ್ದ ರೈಫಲ್ ಎಂಥದ್ದು? ತುಂಬಾ ಮನೆಗಳಲ್ಲಿ ಅಜ್ಜನ ಕಾಲದ್ದು. ಹಸ್ಕ್‌ವರ್ನಾ ಕಾರ್ಖಾನೆಯ, ಮಾಸರ್ ಮಾದರಿಯ ಬೋಲ್ಟ್ ಇರುವ, ಆಕ್ರೋಟ್ ಮರದ ಹಿಡಿಯ ರೈಫಲ್. ಮಾಸರ್ ಎಂದರೆ ಜರ್ಮನಿಯ 1898ರ ಮಾದರಿ. ನಾವು ಆಟದಲ್ಲಿ ಎತ್ತಿಕೊಳ್ಳುವ ಕಾರ್ 98 ಅದೇ ಮನೆತನದ್ದು. 1689ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಶುರುವಾದ ಹಸ್ಕ್‌ವರ್ನಾ, 1872ರಿಂದ ಹೊಲಿಗೆ ಯಂತ್ರಗಳನ್ನೂ ಮಾಡಿತು. ಇದನ್ನು ಹೇಳಿದಾಗ ಅಬ್ಬಾ ಕತ್ತರಿ ಕೆಳಗಿಟ್ಟು, “ಹಾಗಾದರೆ ಅವರಿಗೂ ಬುದ್ಧಿ ಬಂತು” ಎಂದರು.

ಹಳೆಯದಕ್ಕೆ ಹೊಸದನ್ನು ಕೂರಿಸುವಾಗ

ಆಟದಲ್ಲಿ ಇದು ಒಂದು ಸೆಕೆಂಡಿನ ಕೆಲಸ. ನಿಜವಾದ ರೈಫಲ್‌ನಲ್ಲಿ ಐದು ಪ್ರಶ್ನೆಗಳಿವೆ.

1. ಕೂರಿಸುವುದು ಎಲ್ಲಿ? ಹಳೆಯ ರೈಫಲ್‌ಗಳ ಮೇಲೆ ಸೈಟ್ ಕೂರಿಸಲು ತೂತುಗಳೇ ಇರುವುದಿಲ್ಲ. ಬಂದೂಕು ರಿಪೇರಿಯ ಪರಿಣತರಿಂದ ಉಕ್ಕಿಗೆ ತೂತು ಕೊರೆಸಿ ಮರೆ ಹಾಕಿಸಬೇಕು. ಒಮ್ಮೆ ಕೊರೆದರೆ ಅದು ಮೂಲ ಸ್ಥಿತಿಯ ರೈಫಲ್ ಅಲ್ಲ, ಸಂಗ್ರಹಕಾರರು ಕೊಡುವ ಬೆಲೆ ಇಳಿಯುತ್ತದೆ. ಇನ್ನೊಂದು ದಾರಿ, ಬ್ಯಾಕ್‌ಸೈಟ್ ತೆಗೆದು ಅದರ ಗಾಡಿಯಲ್ಲೇ ಕೂರುವ ಪಟ್ಟಿ ಹಾಕುವುದು. ಆಗ ರೈಫಲ್ ಉಳಿಯುತ್ತದೆ, ಆದರೆ ಕಬ್ಬಿಣದ ಸೈಟಿನ ಆಸರೆ ಹೋಗುತ್ತದೆ. ನಮ್ಮ ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ಅವಕಾಶ ವೆಚ್ಚ. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಒಳ್ಳೆಯ ಸೈಟಿನ ಬೆಲೆ ಆ ಹಳೆಯ ರೈಫಲ್‌ನ ಬೆಲೆಗಿಂತಲೂ ಹೆಚ್ಚಿರುವುದುಂಟು.

2. ಎಷ್ಟು ಎತ್ತರ? ಹಳೆಯ ಮರದ ಹಿಡಿಯನ್ನು ಕಬ್ಬಿಣದ ಸೈಟಿಗೆ ತಕ್ಕಂತೆ ಕೆತ್ತಿರುತ್ತಾರೆ. ಕೆನ್ನೆ ಊರುವ ಜಾಗ ತಗ್ಗಾಗಿರುತ್ತದೆ. ಸೈಟ್ ಎತ್ತರಕ್ಕೆ ಕೂತರೆ ಕೆನ್ನೆ ಮರದಿಂದ ಎದ್ದು ಬರುತ್ತದೆ, ತಲೆಗೆ ಆಸರೆ ಇರುವುದಿಲ್ಲ, ಚುಕ್ಕೆಯನ್ನು ಹುಡುಕುವುದರಲ್ಲೇ ಆ ಕೆಲವು ಸೆಕೆಂಡು ಕಳೆದುಹೋಗುತ್ತದೆ. ಅದಕ್ಕೆ ಸೈಟನ್ನು ಆದಷ್ಟು ತಗ್ಗಿಸಿ ಕೂರಿಸಬೇಕು.

3. ಚುಕ್ಕೆ ಎಷ್ಟು ದೊಡ್ಡದು? ಚುಕ್ಕೆಯ ಗಾತ್ರವನ್ನು ಎಂಓಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ಎಂಓಎ. 100 ಮೀಟರ್ ದೂರದಲ್ಲಿ ಅದು ಸುಮಾರು 2.9 ಸೆಂಟಿಮೀಟರ್. 2 ಎಂಓಎ ಚುಕ್ಕೆ 100 ಮೀಟರಿನಲ್ಲಿ ಸುಮಾರು 5.8 ಸೆಂಟಿಮೀಟರ್ ಜಾಗವನ್ನು ಮುಚ್ಚುತ್ತದೆ. ಚುಕ್ಕೆಯ ಬೆಳಕನ್ನು ಹೆಚ್ಚಿಸಿದರೆ ಅದು ಹರಡಿಕೊಂಡು ಇನ್ನೂ ದೊಡ್ಡದಾಗಿ ಕಾಣುತ್ತದೆ, ನೋಡಬೇಕಾದದ್ದನ್ನೇ ಮರೆಮಾಡುತ್ತದೆ. ಕಾಣುವಷ್ಟು ಇದ್ದರೆ ಸಾಕು.

4. ಗುಂಡು ಚುಕ್ಕೆಯ ಜಾಗಕ್ಕೇ ಹೋಗುತ್ತದೆಯೇ? ತಾನಾಗಿ ಹೋಗುವುದಿಲ್ಲ. ಗುಂಡು ಹಾರಿಸುವ ಮೈದಾನದಲ್ಲಿ ಅದನ್ನು ಹೊಂದಿಸಬೇಕು. ಕಾಗದದ ಗುರಿಗೆ ಮೂರು ಗುಂಡು ಹೊಡೆದು, ಮೂರರ ನಡುಭಾಗ ಎಲ್ಲಿದೆ ಎಂದು ಅಳೆದು, ಸೈಟಿನ ತಿರುಪನ್ನು ಅಷ್ಟು ತಿರುಗಿಸಬೇಕು. ಏಮ್‌ಪಾಯಿಂಟ್‌ನ ಹಲವು ಮಾದರಿಗಳಲ್ಲಿ ತಿರುಪಿನ ಒಂದು ಕ್ಲಿಕ್ 80 ಮೀಟರಿನಲ್ಲಿ 1 ಸೆಂಟಿಮೀಟರ್ ಸರಿಸುತ್ತದೆ. ಗುಂಡುಗಳು 6 ಸೆಂಟಿಮೀಟರ್ ಕೆಳಗೆ ಬಿದ್ದಿದ್ದರೆ ಆರು ಕ್ಲಿಕ್ ಮೇಲಕ್ಕೆ. 80 ಮೀಟರ್ ಎಂಬ ಸಂಖ್ಯೆ ಏಕೆ? ಸ್ವೀಡನ್ನಿನ ಬೇಟೆಗಾರರು ಮೂಸ್ ಆಕಾರದ ಹಲಗೆಗೆ ಅಭ್ಯಾಸ ಮಾಡುವುದು 80 ಮೀಟರಿನಿಂದ. ಗ್ರಾಹಕನನ್ನು ಅರಿತು ಉತ್ಪನ್ನ ಮಾಡುವುದು ಎಂದು ಮಾರುಕಟ್ಟೆ ನಿರ್ವಹಣೆಯ ಪಾಠದಲ್ಲಿ ಹೇಳುತ್ತಾರಲ್ಲ, ಅದು ಒಂದು ಕ್ಲಿಕ್ಕಿನಲ್ಲೂ ಇದೆ.

5. ಬ್ಯಾಟರಿ ಮುಗಿದರೆ? ಮೊದಲಿನ ಸೈಟುಗಳಲ್ಲಿ ಇದು ದೊಡ್ಡ ಚಿಂತೆ. ಈಗಿನ ಕೆಲವು ಮಾದರಿಗಳು ಮಧ್ಯಮ ಬೆಳಕಿನಲ್ಲಿ ಒಂದೇ ಬಿಲ್ಲೆ ಬ್ಯಾಟರಿಯಿಂದ 50,000 ಗಂಟೆ ಉರಿಯುತ್ತವೆ. 24ರಿಂದ, ಮತ್ತೆ 365ರಿಂದ ಭಾಗಿಸಿ ನೋಡಿ, ಐದೂವರೆ ವರ್ಷಕ್ಕೂ ಹೆಚ್ಚು. ಆದರೂ ಪ್ರತಿ ವರ್ಷ ಬೇಟೆಯ ಕಾಲಕ್ಕೆ ಮುಂಚೆ ಬ್ಯಾಟರಿ ಬದಲಿಸುವುದು ಜಾಣತನ.

ಇನ್ನೊಂದು ಮಾತು, ಕನ್ನಡಕದವರಿಗೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರ್ ಇರುವವರಿಗೆ ಚುಕ್ಕೆ ದುಂಡಗೆ ಕಾಣದೆ ಗೀರಿನಂತೆ, ಚೆಲ್ಲಿದ ಶಾಯಿಯಂತೆ ಕಾಣಬಹುದು. ನನಗೂ ಆ ನಂಬರ್ ಇದೆ. ಕನ್ನಡಕ ತೆಗೆದರೆ ರಾತ್ರಿ ಬೈಕಿನ ಲೈಟು ಹೀಗೇ ಕಾಣುತ್ತದೆ. ಸೈಟ್ ಕೆಟ್ಟಿದೆ ಎಂದು ಕೆಲವರು ಅಂಗಡಿಗೆ ವಾಪಸು ಕೊಡುತ್ತಾರಂತೆ. ಸೈಟಿನ ಮೂಲಕ ಮೊಬೈಲ್‌ನಲ್ಲಿ ಫೋಟೋ ತೆಗೆದು ನೋಡಿದರೆ ತಿಳಿಯುತ್ತದೆ. ಫೋಟೋದಲ್ಲಿ ಚುಕ್ಕೆ ದುಂಡಗಿದ್ದರೆ ಪರೀಕ್ಷೆ ಮಾಡಿಸಬೇಕಾದದ್ದು ಕಣ್ಣನ್ನು.

ಚುಕ್ಕೆ ಮಾಡದ ಕೆಲಸ

ಈಗ ಸರ್ ಕೇಳಿದ ಎರಡನೇ ಪ್ರಶ್ನೆ. ಈ ಉತ್ಪನ್ನ ಯಾವ ಕಷ್ಟವನ್ನು ನೀಗಿಸುವುದಿಲ್ಲ?

ರೆಡ್ ಡಾಟ್ ದೂರದ್ದನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಪೊದೆಯ ಹಿಂದೆ ಅಲುಗಿದ್ದು ಮೂಸೋ, ದನವೋ, ಮನುಷ್ಯನೋ ಎಂದು ಅದು ಹೇಳುವುದಿಲ್ಲ. ಅದನ್ನು ಮೊದಲು ಬರಿಗಣ್ಣಿನಿಂದ ಅಥವಾ ದುರ್ಬೀನಿನಿಂದ ನೋಡಿ ತಿಳಿಯಬೇಕು. ಏನಿರಬಹುದು ಎಂದು ನೋಡಲು ರೈಫಲ್ ಎತ್ತುವುದೇ ತಪ್ಪು. ಗುಂಡು ಗುರಿಯನ್ನು ದಾಟಿ ಹೋದರೆ ಹಿಂದೆ ಏನಿದೆ, ಮಣ್ಣಿನ ದಿಬ್ಬವೋ ರಸ್ತೆಯೋ ಎಂದೂ ಚುಕ್ಕೆ ಹೇಳುವುದಿಲ್ಲ. ಪ್ರಾಣಿಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಎಲ್ಲಿ ಎಂಬುದು ಬೇಟೆಗಾರ ಓದಿ ಕಲಿತಿರಬೇಕಾದ ವಿಷಯ.

ಇದಕ್ಕಾಗಿಯೇ ಸ್ವೀಡನ್ನಿನಲ್ಲಿ 1985ರಿಂದ ಹೊಸ ಬೇಟೆಗಾರರಿಗೆ ಪರೀಕ್ಷೆ ಕಡ್ಡಾಯ. ಲಿಖಿತ ಪ್ರಶ್ನೆಗಳೂ ಇವೆ, ಗುಂಡು ಹೊಡೆದು ತೋರಿಸುವ ಪರೀಕ್ಷೆಯೂ ಇದೆ. ಪ್ರಾಣಿಗೆ ಗಾಯವಾಗಿ ಓಡಿಹೋದರೆ ಅದನ್ನು ಹುಡುಕಿ ನೋವಿನಿಂದ ಬಿಡಿಸುವುದು ಬೇಟೆಗಾರನ ಕಾನೂನಿನ ಕರ್ತವ್ಯ. ಮೂಸ್ ಬೇಟೆಯಲ್ಲಿ, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವ ತರಬೇತಿಯ ನಾಯಿ ಎರಡು ಗಂಟೆಯೊಳಗೆ ಆ ಜಾಗಕ್ಕೆ ಬರುವಂತೆ ಮೊದಲೇ ಏರ್ಪಾಡು ಇರಬೇಕು. ಇದನ್ನು ಓದಿದ ದಿನ ನನಗೆ ನಮ್ಮ ಆಟ ನೆನಪಾಯಿತು. ಅಲ್ಲಿ ಗುರಿ ತಪ್ಪಿದ ಗುಂಡು ಎಲ್ಲಿ ಹೋಯಿತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬಿಟ್ಟ ಬಾಣ ತಿರುಗಿ ಬಾರದು ಎಂಬ ಗಾದೆಯನ್ನು ಬರೀ ಪ್ರಬಂಧದಲ್ಲಿ ಬರೆದಿದ್ದೆ.

ನಮ್ಮ ರಾಜ್ಯದ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಅಲ್ಲಿ ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ವಿನಾಯಿತಿ ಇರುವುದು ಕೋವಿಗೆ, ಬೇಟೆಗಲ್ಲ.

ಕೊನೆಯ ಮಾತು

ರೆಡ್ ಡಾಟ್ ಕಣ್ಣಿನ ಮೂರು ಕೆಲಸಗಳಲ್ಲಿ ಒಂದನ್ನು ಇಳಿಸಿಕೊಳ್ಳುತ್ತದೆ. ಅಷ್ಟೇ ಅದರ ವ್ಯಾಪಾರ. ಹೊಡೆಯಬೇಕೇ ಬೇಡವೇ ಎಂಬ ಕೆಲಸ ಮೊದಲಿನಂತೆ ಮನುಷ್ಯನ ಮೇಲೇ ಇದೆ. ನೋಡುವುದು ಸುಲಭವಾದಷ್ಟೂ ಯೋಚಿಸಲು ಸಿಗುವ ಸಮಯ ಹೆಚ್ಚಬೇಕು. ಹಾರಿಸುವ ಅವಸರ ಹೆಚ್ಚಬಾರದು.

ಈ ಪಾಠ ಬರೆಯುವಾಗ ನಾನು ಅಬ್ಬಾನಿಗೆ ಕಣ್ಣಿನ ಮಸೂರದ ಚಿತ್ರ ಬರೆದು ತೋರಿಸಿದೆ. ಕನ್ನಡಕ ಹಾಕಿದರೆ ಮುದುಕ ಅನ್ನುತ್ತಾರೆ ಎಂದು ಎರಡು ವರ್ಷದಿಂದ ಮುಂದೂಡುತ್ತಿದ್ದವರು, “ಇದು ಎಲ್ಲರಿಗೂ ಆಗುತ್ತಾ?” ಎಂದು ಕೇಳಿದರು. ಎಲ್ಲರಿಗೂ ಎಂದೆ. ಮರುದಿನ ಇಬ್ಬರೂ ಹೋಗಿ ಕಣ್ಣು ಪರೀಕ್ಷೆ ಮಾಡಿಸಿ ಬಂದೆವು. ಈಗ ಸೂಜಿಗೆ ಅವರೇ ದಾರ ಹಾಕುತ್ತಾರೆ. ಆದರೆ ಬಟ್ಟೆಗೆ ಕತ್ತರಿ ಇಡುವ ಮುಂಚೆ ಟೇಪು ಹಿಡಿದು ಇನ್ನೊಮ್ಮೆ ಅಳೆಯುವುದನ್ನು ಬಿಟ್ಟಿಲ್ಲ. “ಚಷ್ಮಾ ಸೂಜಿ ತೋರಿಸುತ್ತೆ ಬೇಟಾ, ಅಳತೆ ನಾನೇ ನೋಡಬೇಕು” ಎನ್ನುತ್ತಾರೆ.

ಯೋಚಿಸಿ ನೋಡಿ

1. 4 ಎಂಓಎ ಚುಕ್ಕೆ 50 ಮೀಟರ್ ದೂರದಲ್ಲಿ ಎಷ್ಟು ಸೆಂಟಿಮೀಟರ್ ಜಾಗವನ್ನು ಮುಚ್ಚುತ್ತದೆ?
2. ಎಲ್‌ಇಡಿಯನ್ನು ಸಂಗಮ ಬಿಂದುವಿಗಿಂತ ಸ್ವಲ್ಪ ಮುಂದೆ ಇಟ್ಟಿದ್ದರೆ ಚುಕ್ಕೆಗೆ ಏನಾಗುತ್ತಿತ್ತು?
3. ನಿಮ್ಮ ಮನೆಯಲ್ಲಿ ಹತ್ತಿರದ್ದು ಕಾಣದೆ ಕಷ್ಟಪಡುತ್ತಿರುವವರು ಯಾರು? ಅವರನ್ನು ಕೇಳಿದ್ದೀರಾ?